ಎಳೆಬಿಸಿಲು ಸಾಲದು
ಮೈಸೂರಲ್ಲಿ ಬಿಸಿಲಿಗೇನೂ ಬರವಿಲ್ಲ, ಆದರೂ ವಿಟಮಿನ್ ಡಿ ಕಡಿಮೆ ಇರುವವರು ಬಹಳ ಮಂದಿ. ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಸುತ್ತುವುದು ಹೃದಯಕ್ಕೆ ಒಳ್ಳೆಯದು. ಆದರೆ ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣ ಆ ಹೊತ್ತಿಗೆ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದಾಗ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಕಿಟಕಿ ಗಾಜಿನ ಹಿಂದೆ ಕೂತದ್ದು ಲೆಕ್ಕಕ್ಕಿಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಧಾರಾಳ, ಡಿ ಇಲ್ಲ.

ರಕ್ತಪರೀಕ್ಷೆಯಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ವೈದ್ಯರು ಹೆಚ್ಚಾಗಿ ಬರೆಯುವುದು 60,000 ಯೂನಿಟ್‌ನ ಪುಡಿ, ವಾರಕ್ಕೊಂದು, 8 ವಾರ. ಊಟವಾದ ಮೇಲೆ ಹಾಲಲ್ಲಿ ಕದಡಿ ಕುಡಿಯಿರಿ. ಜಿಡ್ಡಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ದಯವಿಟ್ಟು ಅದನ್ನೇ ದಿನಕ್ಕೊಂದು ನುಂಗಬೇಡಿ: ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿಗೇ ಪೆಟ್ಟು. ಪ್ರತಿ ಪೊಟ್ಟಣದ ಮೇಲೂ ಪೆನ್ನಿನಲ್ಲಿ ತಾರೀಖು ಬರೆದಿಡಿ.