ವರ್ಷನ್ ಆಮೇಲೆ, ಮೊದಲು ಪವರ್ ನೋಡಿ

"ಅಣ್ಣ, ಇದಕ್ಕೆ ಹೊಸ ಸಾಫ್ಟ್‌ವೇರ್ ವರ್ಷನ್ ಹಾಕ್ಕೊಡಿ, ಗಾಡಿ ಕನೆಕ್ಟೇ ಆಗ್ತಿಲ್ಲ."

ಹಾಸನದ ಬಿ.ಎಂ. ರಸ್ತೆಯ ಮೆಕ್ಯಾನಿಕ್‌ಗಳು ಟೂಲ್ ತಂದು ಟೇಬಲ್ ಮೇಲಿಟ್ಟು ಹೇಳುವುದೇ ಇದು. ಗಾಡಿಯ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅದನ್ನು ಓದುವ, ಬರೆಯುವ ಟೂಲ್‌ಗಳ ರಿಪೇರಿ ನನ್ನ ಕೆಲಸ. ಸಕಲೇಶಪುರ, ಬೇಲೂರು, ಅರಕಲಗೂಡಿನಿಂದಲೂ ಬಸ್ಸಿನಲ್ಲಿ ಬಾಕ್ಸ್ ಕಳಿಸುತ್ತಾರೆ. ಬಹುಪಾಲು ಕ್ಲೋನ್, ಅಂದರೆ ನಕಲಿ ಮಾಲು. ಬಿಚ್ಚಿ ನೋಡಿದರೆ ವರ್ಷನ್ ಹಳೆಯದಾಗಿದ್ದಕ್ಕೆ ಕೆಟ್ಟಿದ್ದು ತೀರಾ ಅಪರೂಪ. ಸತ್ತಿರುವುದು ಗಾಡಿಗೆ ತಾಗುವ ಕಡೆಯ ಪಾರ್ಟುಗಳೇ. ಪವರ್ ಬರುವ ದಾರಿ, ಕೆ-ಲೈನ್ ಚಿಪ್, ಕ್ಯಾನ್ ಚಿಪ್. (ಕೆ-ಲೈನ್, ಕ್ಯಾನ್ ಅಂದರೆ ಟೂಲ್ ಮತ್ತು ಇಸಿಯು ಮಾತಾಡಿಕೊಳ್ಳುವ ವೈರ್‌ಗಳು.)

ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಗಾಡಿಯಲ್ಲಿ ಟೂಲ್ ಸಿಕ್ಕಿಸುವ ಒಬಿಡಿ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿ, 4 ಮತ್ತು 5 ಅರ್ತ್, 7 ಕೆ-ಲೈನ್, 6 ಮತ್ತು 14 ಕ್ಯಾನ್. ಬ್ಯಾಟರಿ ಟರ್ಮಿನಲ್ ತೆಗೆದು 6 ಮತ್ತು 14ರ ನಡುವೆ ಅಳೆದರೆ ಸುಮಾರು 60 ಓಮ್ ತೋರಿಸಬೇಕು. ವೈರಿನ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಇರುತ್ತದೆ, ಅದಕ್ಕೆ. (ಸಾಕೆಟ್‌ಗೂ ಇಸಿಯುಗೂ ನಡುವೆ ಗೇಟ್‌ವೇ ಅನ್ನುವ ಇನ್ನೊಂದು ಬಾಕ್ಸ್ ಇರುವ ಗಾಡಿಗಳಲ್ಲಿ ಈ ಲೆಕ್ಕ ಬೇರೆಯಾಗಬಹುದು.) ಇಷ್ಟೆಲ್ಲ ಸರಿ ಇದ್ದರೆ ಟೂಲ್ ಬಿಚ್ಚಿ. ಎಂಟು ಕಾಲಿನ ಕ್ಯಾನ್ ಚಿಪ್ ಟಿಜೆಎ1050 ಬದಲಾಯಿಸಲು ಹಾಟ್ ಏರ್ ಇದ್ದರೆ ಜಾಸ್ತಿ ಹೊತ್ತು ಬೇಡ.

ಆದರೆ ಆ ಚಿಪ್ ಸುಟ್ಟಿದ್ದು ಯಾಕೆ ಅಂತ ನೋಡದಿದ್ದರೆ ಅದೇ ಟೂಲ್ ಮತ್ತೆ ನನ್ನ ಟೇಬಲ್‌ಗೇ ಬರುತ್ತದೆ. ಎಂಜಿನ್ ಓಡುವಾಗ ಲೂಸ್ ಟರ್ಮಿನಲ್ ಕಳಚಿದರೆ, ತಡೆಯುವ ಪಾರ್ಟ್ ಏನೂ ಇಲ್ಲದಿದ್ದಲ್ಲಿ 12 ವೋಲ್ಟ್ ಗಾಡಿಯಲ್ಲೂ ಆಲ್ಟರ್ನೇಟರ್ 80ರಿಂದ 100 ವೋಲ್ಟ್‌ವರೆಗೆ ಎಗರಬಹುದು. ಅದನ್ನು ನುಂಗಲು ಟಿವಿಎಸ್ ಡಯೋಡ್ ಬೇಕು. ನನ್ನ ಕೈಗೆ ಬರುವ ಎಷ್ಟೋ ಬೋರ್ಡ್‌ಗಳಲ್ಲಿ ಅದಕ್ಕೆ ಜಾಗ ಬಿಟ್ಟಿರುತ್ತಾರೆ, ಡಯೋಡ್ ಮಾತ್ರ ಹಾಕಿರುವುದಿಲ್ಲ! ಉಳಿಸಿದ್ದು ನಾಲ್ಕು ಕಾಸು.

ಕಾರಿಗೆ ಎಸ್‌ಎಂಬಿಜೆ24ಎ ಅನ್ನುವ ಟಿವಿಎಸ್ ಡಯೋಡ್ ಸಾಕು. ಲಾರಿಗೆ ಅದನ್ನೇ ಹಾಕಬೇಡಿ. 24 ವೋಲ್ಟ್ ಲಾರಿ ಚಾರ್ಜ್ ಆಗುವುದು 28 ವೋಲ್ಟ್ ಆಸುಪಾಸಿನಲ್ಲಿ. ಈ ಡಯೋಡ್ 27 ವೋಲ್ಟ್‌ನ ಹತ್ತಿರವೇ ಕರೆಂಟ್ ಹರಿಸಲು ಶುರು ಮಾಡಿಬಿಡಬಹುದು, ಸುಮ್ನೆ ಬಿಸಿಯಾಗಿ ಸುಡುತ್ತದೆ. ಶಿರಾಡಿ ಘಾಟ್ ಹತ್ತುವ ಲಾರಿಗಳ ಕೆಲಸ ನಮ್ಮ ಕಡೆ ಜಾಸ್ತಿ ಅಲ್ವಾ, ಹಾಗಾಗಿ ನಾನು ಎಸ್‌ಎಂಬಿಜೆ33ಎ ಹಾಕುತ್ತೇನೆ. ಅದು ಹಿಡಿದು ನಿಲ್ಲಿಸುವುದು 53 ವೋಲ್ಟ್‌ನಲ್ಲಿ. ಡಯೋಡ್ ಆದಮೇಲೆ ಬರುವ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಅಷ್ಟನ್ನು ತಾಳಿಕೊಳ್ಳಬೇಕು. ಮಾಮೂಲಿ ಎಲ್‌ಎಂ2596 ರೆಗ್ಯುಲೇಟರ್ ಇರುವುದು 40 ವೋಲ್ಟ್‌ಗೆ, ಎಚ್‌ವಿ ಅಂತ ಬರುವುದು 60ಕ್ಕೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವಾಗ ಎಚ್‌ವಿ ಅಂತ ಒತ್ತಿ ಹೇಳಿ.

ಇಪ್ರಾಮ್ (ಡೇಟಾ ಉಳಿಸಿಡುವ ಮೆಮೊರಿ ಚಿಪ್) ಓದುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ ಎಲ್ಲರ ಹತ್ತಿರ ಇದೆ. ಅದರದ್ದೊಂದು ಕಾಯಿಲೆ. 25 ಸೀರೀಸ್ ಫ್ಲ್ಯಾಶ್ ಚಿಪ್‌ಗೆ 3.3 ವೋಲ್ಟ್ ಪವರ್ ಕೊಟ್ಟು, ಡೇಟಾ ಲೈನ್‌ನಲ್ಲಿ ಮಾತ್ರ 5 ವೋಲ್ಟ್ ಬಿಡುತ್ತದೆ. ಸಿಎಚ್341ಎ ಚಿಪ್‌ನ 28ನೇ ಕಾಲು ಎತ್ತಿ, ಬೋರ್ಡ್‌ನಲ್ಲೇ ಇರುವ ಎಎಂಎಸ್1117 ರೆಗ್ಯುಲೇಟರ್‌ನ 3.3 ವೋಲ್ಟ್‌ಗೆ ಒಂದು ಸಣ್ಣ ವೈರ್ ಹಾಕಿ. 9ನೇ ಕಾಲಿಗೂ ಅದೇ 3.3. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಡೇಟಾ ಲೈನ್ 3.3ಕ್ಕೆ ಇಳಿದಿದೆಯಾ ಅಂತ ಮೀಟರ್‌ನಲ್ಲಿ ಅಳೆದ ಮೇಲೆಯೇ ಫ್ಲ್ಯಾಶ್ ಚಿಪ್ ಸಿಕ್ಕಿಸಿ.

ಇನ್ನು ಎಲ್ಲರೂ ಕೇಳುವ ಆ ವರ್ಷನ್ ವಿಷಯ, ಅದನ್ನೂ ಹೇಳುತ್ತೇನೆ. ಕ್ಲೋನ್ ಟೂಲ್ ಸಿಕ್ಕಿಸಿಕೊಂಡು ಇಂಟರ್ನೆಟ್ ಆನ್ ಮಾಡಬೇಡಿ, ಲಾಕ್ ಆಗಬಹುದು. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಒಂದು ಡ್ರೈವರ್, ಕೇಬಲ್ ಅನ್ನು ಕಂಪ್ಯೂಟರ್‌ನ ಯುಎಸ್‌ಬಿಗೆ ಜೋಡಿಸುವ ಎಫ್‌ಟಿ232 ಚಿಪ್‌ನ ನಕಲಿಗಳ ಗುರುತಿನ ನಂಬರನ್ನೇ ಸೊನ್ನೆ ಮಾಡಿತ್ತು. ನೆಟ್ಟಗಿದ್ದ ಕೇಬಲ್‌ಗಳು ಕಂಪ್ಯೂಟರ್‌ಗೆ ಗೊತ್ತೇ ಆಗದಂತಾದವು. ಈ ಕೆಲಸವನ್ನೇ ನಂಬಿರುವವರು ಕಷ್ಟಪಟ್ಟಾದರೂ ಒರಿಜಿನಲ್ ತಗೊಳ್ಳುವುದೇ ಒಳ್ಳೆಯದು. ಗಾಡಿ ಓಡಿದ ಕಿಲೋಮೀಟರ್ ಕಮ್ಮಿ ತೋರಿಸುವ ಹಾಗೆ ಇಳಿಸಿಕೊಡಿ ಅಂತ ಬರುವವರಿಗೆ ನನ್ನಲ್ಲಿ ಕಾಫಿ ಮಾತ್ರ ಸಿಗುತ್ತದೆ.

ದುಡ್ಡಿದ್ದರೆ ಮೊದಲು ಒಂದು ಒಳ್ಳೆಯ ಪವರ್ ಸಪ್ಲೈ ತಗೊಳ್ಳಿ. ಮಾಮೂಲಿ ಬ್ಯಾಟರಿ ಚಾರ್ಜರ್ ಬೇಡ, ಅದರ ವೋಲ್ಟೇಜ್ ಏರಿಳಿಯುತ್ತದೆ. ಇಗ್ನಿಷನ್ ಆನ್ ಇಟ್ಟು ಇಸಿಯುಗೆ ಫೈಲ್ ಬರೆಯುವಾಗ ಗಾಡಿಯ ಫ್ಯಾನ್ ತಿರುಗಿದರೆ ಹಳೇ ಬ್ಯಾಟರಿ ಕುಸಿಯುತ್ತದೆ, ಅರ್ಧಕ್ಕೆ ನಿಂತರೆ ಇಸಿಯು ಬಿಚ್ಚಿ, ಅದರ ಚಿಪ್‌ಗೆ ನೇರವಾಗಿ ಬರೆಯುವ ಬೂಟ್ ಮೋಡ್‌ನಲ್ಲಿ ಎಬ್ಬಿಸಬೇಕಾಗುತ್ತದೆ. ಸಪ್ಲೈ 13.5 ವೋಲ್ಟ್‌ಗೆ ಇಡಿ. ಗಾಡಿಯ ಬ್ಯಾಟರಿಯನ್ನೂ ಕಳಚಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಆಗ ಆ ಬ್ಯಾಟರಿಯೇ ಬರೆಯುವ ಕೆಲಸ ಮುಗಿಸಿಕೊಡಬೇಕು. ಲ್ಯಾಪ್‌ಟಾಪ್ ಚಾರ್ಜ್ ಫುಲ್ ಇರಲಿ.