ಬೆಲ್ಲಳ ಎಡ ಹಿಂಗಾಲು

ನಮ್ಮ ಮನೆಯ ಲ್ಯಾಬ್ರಡಾರ್ ಬೆಲ್ಲಳ ಎಡ ಹಿಂಗಾಲಿನ ಮಂಡಿಯಲ್ಲಿ ಅಸ್ಥಿರಜ್ಜು ಹರಿದಿದೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಅವಳು ಕುಂಟಲಾರಂಭಿಸಿ ಏಳು ವಾರಗಳು ಕಳೆದಿದ್ದವು. 2024ರ ಜುಲೈ ಕೊನೆಯ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಅಳಿಲನ್ನು ಅಟ್ಟಿಸಿಕೊಂಡು ಹೋದವಳು ಒಮ್ಮೆ ಕುಂಯ್ ಎಂದು, ಮೂರೇ ಕಾಲಿನಲ್ಲಿ ಹಿಂದಿರುಗಿದಳು. ಹತ್ತಿರದ ವೈದ್ಯರು ಕಾಲನ್ನು ಮಡಿಸಿ, ಬಿಡಿಸಿ ನೋಡಿ, ಉಳುಕಿರಬೇಕೆಂದು ನೋವಿನ ಮಾತ್ರೆ ಬರೆದುಕೊಟ್ಟು, ಹತ್ತು ದಿನ ಓಡಾಡಿಸಬೇಡಿ ಎಂದರು. ಹತ್ತು ದಿನಕ್ಕೆ ಕುಂಟು ಬಹುತೇಕ ಮಾಯವಾಯಿತು, ನಾವೂ ಅದನ್ನು ಮರೆತೆವು. ರಜ್ಜು ಪೂರ್ತಿ ತುಂಡಾಗದೆ ಅರ್ಧ ಹರಿದಾಗ ಕುಂಟು ಹೀಗೆಯೇ ಬಂದು ಹೋಗುತ್ತಿರುತ್ತದೆ ಎಂಬುದನ್ನು ನಾನು ತಿಳಿದದ್ದು ಆಮೇಲೆ.

ಆ ವಾರಗಳಲ್ಲಿ ಅವಳು ನಮಗೆ ಒಂದು ಸುಳಿವನ್ನು ದಿನವೂ ಕೊಡುತ್ತಿದ್ದಳು. ಕುಳಿತಾಗ ಎಡಗಾಲನ್ನು ಮಡಿಸದೆ, ಅದನ್ನು ಪಕ್ಕಕ್ಕೆ ಚಾಚಿ, ಮೈಭಾರವನ್ನೆಲ್ಲ ಬಲಗಡೆಯ ಸೊಂಟದ ಮೇಲೆ ಹಾಕಿ ಕೂರುತ್ತಿದ್ದಳು. ಊಟವಾದ ಮೇಲೆ ಜಗಲಿಯ ಮೇಲೆ ಒರಗಿದ ಯಜಮಾನರಂತೆ ಕಾಣುತ್ತಾಳೆಂದು ನಾನು ಫೋಟೊ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದ್ದೆ. ಬೆಂಗಳೂರಿನ ಶಸ್ತ್ರಚಿಕಿತ್ಸಕರು ಅದೇ ಫೋಟೊವನ್ನು ನೋಡಿ, ಮಂಡಿ ನೋಯುವ ನಾಯಿ ಹೀಗೆಯೇ ಕೂರುತ್ತದೆ ಎಂದಾಗ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಅವರು ಅವಳಿಗೆ ಮಂಪರು ಬರಿಸಿ, ಒಂದು ಕೈಯಲ್ಲಿ ತೊಡೆಮೂಳೆಯನ್ನೂ ಇನ್ನೊಂದರಲ್ಲಿ ಅದರ ಕೆಳಗಿನ ಮೂಳೆಯನ್ನೂ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಕೆಳಗಿನ ಮೂಳೆ ಮೇಜಿನ ಡ್ರಾಯರಿನಂತೆ ಜಾರಿ ಮುಂದೆ ಬಂತು. ಆ ಪರೀಕ್ಷೆಗೆ ಡ್ರಾಯರ್ ಪರೀಕ್ಷೆಯೆಂದೇ ಹೆಸರು. ಎಕ್ಸ್-ರೇಯಲ್ಲಿ ರಜ್ಜು ಕಾಣುವುದಿಲ್ಲ. ಕೀಲಿನೊಳಗೆ ನೀರು ತುಂಬಿರುವುದು ಮಾತ್ರ ಕಾಣುತ್ತದೆ.

ಈ ಎಲ್ಲದಕ್ಕೂ ಅಳಿಲೇ ಕಾರಣವೆಂದು ಅಮ್ಮನೂ, ಹಿಂದಿನ ಸಂಜೆ ನಾನು ಎಸೆದ ಚೆಂಡೇ ಕಾರಣವೆಂದು ನಾನೂ ನಂಬಿದ್ದೆವು. ಕ್ರೀಡಾಪಟುಗಳಿಗೆ ಮಂಡಿಯ ಇದೇ ರಜ್ಜು ಸಾಮಾನ್ಯವಾಗಿ ಒಂದು ತಿರುವಿನಲ್ಲಿ, ಒಂದು ಏಟಿಗೆ ಹರಿಯುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಹಾಗಲ್ಲ, ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆ ಎಳೆಯಾಗಿ ಸವೆದು, ಕೊನೆಗೊಂದು ದಿನ ಯಾವುದೋ ಸಣ್ಣ ನೆಪಕ್ಕೆ ಕಿತ್ತುಬರುತ್ತದೆ. ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ತಳಿಗಳಲ್ಲಿ ಇದು ಹೆಚ್ಚು, ಮೈತೂಕ ಹೆಚ್ಚಿದ್ದರೆ ಇನ್ನೂ ಹೆಚ್ಚು. ಬೆಲ್ಲ ಆಗ 36 ಕಿಲೊ ಇದ್ದಳು. ತೂಕದ ಯಂತ್ರದ ಮೇಲಿನ ಅಂಕಿಯನ್ನು ನೋಡಿ ಅಪ್ಪ ಕಿಟಕಿಯಾಚೆ ನೋಡತೊಡಗಿದರು, ಏಕೆಂದರೆ ಬೆಳಗಿನ ಕಾಫಿಯ ಜೊತೆ ಮೂರು ಬಿಸ್ಕತ್ತು, ರಾತ್ರಿ ತುಪ್ಪ ಸವರಿದ ಒಂದು ಚಪಾತಿ ಅವರಿಬ್ಬರ ನಡುವಿನ ಗುಟ್ಟಿನ ಒಪ್ಪಂದವಾಗಿತ್ತು.

ಹದಿನೈದು ಕಿಲೊಗಿಂತ ಕಡಿಮೆ ತೂಗುವ ನಾಯಿಗಳು ವಿಶ್ರಾಂತಿಯಿಂದಲೇ ಚೇತರಿಸಿಕೊಳ್ಳುವುದುಂಟು. ಇವಳ ಗಾತ್ರಕ್ಕೆ ಶಸ್ತ್ರಚಿಕಿತ್ಸೆಯೇ ಸರಿ ಎಂದು ವೈದ್ಯರು ಹೇಳಿ, ಟಿಪಿಎಲ್‌ಒ ಎಂಬ ವಿಧಾನವನ್ನು ವಿವರಿಸಿದರು. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಹರಿದ ರಜ್ಜನ್ನು ಹೊಲಿಯುವುದೇ ಇಲ್ಲ ಎಂಬುದು ನನಗೆ ಮೊದಲು ವಿಚಿತ್ರವೆನಿಸಿತು. ನಾಯಿಯ ಮಂಡಿಯಲ್ಲಿ ಕೆಳಗಿನ ಮೂಳೆಯ ಮೇಲ್ತುದಿ ಸಮತಟ್ಟಾಗಿರದೆ ಹಿಂದಕ್ಕೆ ಇಳಿಜಾರಾಗಿರುತ್ತದೆ, ಸರಾಸರಿ 25 ಡಿಗ್ರಿಯಷ್ಟು. ಇಳಿಜಾರಿನಲ್ಲಿ ನಿಲ್ಲಿಸಿದ ಎತ್ತಿನ ಗಾಡಿಗೆ ಹಗ್ಗ ಕಟ್ಟಿದಂತೆ ಆ ರಜ್ಜು ಹಗಲೂ ರಾತ್ರಿ ಮೂಳೆಯನ್ನು ಜಾರದಂತೆ ಹಿಡಿದುಕೊಂಡಿರುತ್ತದೆ. ಹಗ್ಗ ತುಂಡಾದ ಮೇಲೆ ಹೊಸ ಹಗ್ಗ ಕಟ್ಟುವ ಬದಲು ಗಾಡಿ ನಿಂತ ನೆಲವನ್ನೇ ಮಟ್ಟ ಮಾಡಿಬಿಡುವುದು ಸ್ಲೋಕಮ್ ಅವರ ಉಪಾಯ. ಮೂಳೆಯ ಮೇಲ್ತುದಿಯನ್ನು ಕಮಾನಿನಂತೆ ಕೊಯ್ದು, ಇಳಿಜಾರು ಸುಮಾರು 5 ಡಿಗ್ರಿಗೆ ಇಳಿಯುವಷ್ಟು ತಿರುಗಿಸಿ, ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಖರ್ಚು ಲಕ್ಷ ದಾಟಿತು. ನಾಯಿಗೆ ಇಷ್ಟೊಂದೇ ಎಂದು ಕೇಳಿದವರಿಗೆ ನಾನು ಉತ್ತರ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮೈಸೂರಿಗೆ ಹಿಂದಿರುಗುವಾಗ, ಕಾರಿನ ಹಿಂದಿನ ಸೀಟಿನಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಕೂದಲು ಬೋಳಿಸಿದ ಕಾಲನ್ನು ಚಾಚಿ ಮಲಗಿದ್ದ ಅವಳನ್ನು ನೋಡಿ, ಕಷ್ಟದ ಭಾಗ ಮುಗಿಯಿತೆಂದು ನಾನು ಭಾವಿಸಿದ್ದೆ. ಕಷ್ಟದ ಭಾಗ ಮನೆಯ ಬಾಗಿಲಿನಲ್ಲಿ ಕಾಯುತ್ತಿತ್ತು. ನಮ್ಮದು ಹಳೆಯ ಮನೆ, ಐವತ್ತು ವರ್ಷ ತಿಕ್ಕಿ ತಿಕ್ಕಿ ಕನ್ನಡಿಯಂತಾದ ಕೆಂಪು ಗಾರೆಯ ನೆಲ. ಮೂರು ಕಾಲಿನ ನಾಯಿಗೆ ಅದಕ್ಕಿಂತ ಅಪಾಯಕಾರಿ ನೆಲವಿಲ್ಲ. ಮದುವೆ ಮನೆಗೆಂದು ಅಟ್ಟದಲ್ಲಿಟ್ಟಿದ್ದ ಜಮಖಾನೆಗಳನ್ನೆಲ್ಲ ಕೆಳಗಿಳಿಸಿ, ಅವು ಸರಿಯದಂತೆ ಅಡಿಯಲ್ಲಿ ರಬ್ಬರ್ ಹಾಳೆ ಹಾಸಿ, ನಡುಮನೆಯಿಂದ ಹಿತ್ತಲಿನವರೆಗೆ ಒಂದು ದಾರಿ ಮಾಡಿದೆವು. ಅಮ್ಮನ ಹಳೆಯ ನೂಲಿನ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅವಳ ಹೊಟ್ಟೆಯಡಿ ತೂರಿಸಿ, ಎರಡು ತುದಿಗಳನ್ನು ಮೇಲೆ ಹಿಡಿದು, ಹಿಂಭಾಗದ ಭಾರವನ್ನು ನಾನು ಹೊತ್ತು ಅವಳನ್ನು ಮೂತ್ರಕ್ಕೆ ಕರೆದೊಯ್ಯುತ್ತಿದ್ದೆ. ಬಾವು ಇಳಿಯಲು ದಿನಕ್ಕೆ ಮೂರು ಸಲ ಹತ್ತು ಹದಿನೈದು ನಿಮಿಷ ತಣ್ಣಗಿನದನ್ನು ಇಡಬೇಕೆಂದಿದ್ದರು. ಮಂಜುಗಡ್ಡೆಯ ಚೀಲ ಮಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಅಮ್ಮ ಜನವರಿಯಲ್ಲಿ ಸುಲಿದು ಫ್ರೀಜರಿನಲ್ಲಿಟ್ಟಿದ್ದ ಹಿತಕಿದ ಅವರೆಬೇಳೆಯ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ ಇಟ್ಟಾಗ ಅದು ಮಂಡಿಯ ಆಕಾರಕ್ಕೆ ತಾನಾಗಿ ಬಾಗಿ ಕುಳಿತುಕೊಂಡಿತು. ಆ ವರ್ಷ ಆ ಬೇಳೆಯ ಸಾರು ಯಾರಿಗೂ ಸಿಗಲಿಲ್ಲ.

ಸಲಹೆಗಳಿಗೆ ಕೊರತೆ ಇರಲಿಲ್ಲ. ಪಕ್ಕದ ಮನೆಯವರು ಮಂಡಿಗೆ ಹಚ್ಚಲು ನೋವಿನೆಣ್ಣೆಯ ಸೀಸೆ ತಂದುಕೊಟ್ಟರು, ನಾಯಿ ಅದನ್ನು ನೆಕ್ಕುತ್ತದೆ ಎಂಬುದನ್ನು ಅವರು ಯೋಚಿಸಿರಲಿಲ್ಲ. ಒಂದು ರಾತ್ರಿ ಅವಳು ಬಿಡದೆ ಮುಲುಗುತ್ತಿದ್ದಾಗ ಅಪ್ಪ ತಮ್ಮ ಮಂಡಿನೋವಿಗೆ ನುಂಗುವ ಮಾತ್ರೆಯಲ್ಲಿ ಅರ್ಧವನ್ನು ಬಾಳೆಹಣ್ಣಿನಲ್ಲಿ ಅಡಗಿಸಿಕೊಂಡು ಬಂದಿದ್ದರು. ನಾನು ಕೈ ಹಿಡಿದು ತಡೆದೆ. ಮನುಷ್ಯರ ಐಬುಪ್ರೊಫೆನ್‌ನಂಥ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು, ಅದರಲ್ಲೂ ವೈದ್ಯರು ಕೊಟ್ಟ ಮೆಲಾಕ್ಸಿಕಾಮ್ ನಡೆಯುತ್ತಿರುವಾಗ ಎರಡನೆಯದೊಂದನ್ನು ಬೆರೆಸುವುದು ಇನ್ನೂ ಅಪಾಯ. ಅಪ್ಪ ಏನೂ ಹೇಳದೆ ಮಾತ್ರೆಯನ್ನು ತೆಗೆದು ಬಾಳೆಹಣ್ಣನ್ನು ತಾವೇ ತಿಂದು, ಚಾಪೆ ಹಾಸಿಕೊಂಡು ಬೆಳಗಿನವರೆಗೆ ಅವಳ ಪಕ್ಕದಲ್ಲಿ ಮಲಗಿದರು.

ಎರಡು ವಾರ ಕಳೆದು ಹೊಲಿಗೆ ಬಿಚ್ಚಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. ನೋವು ಕಡಿಮೆಯಾಗಿತ್ತು, ಮೂಳೆ ಕೂಡಿರಲಿಲ್ಲ. ತಾನು ಗುಣವಾದೆನೆಂದು ನಾಯಿ ನಂಬಿಬಿಡುವುದೂ, ಒಂದು ನೆಗೆತಕ್ಕೆ ಲೋಹದ ಪಟ್ಟಿ ಸಡಿಲವಾಗಬಹುದಾದ್ದೂ ಇದೇ ವಾರಗಳಲ್ಲಿ. ಅದೇ ಹೊತ್ತಿಗೆ ದಸರಾ ನೋಡಲು ನೆಂಟರು ಬಂದಿಳಿದರು. ಕರೆಗಂಟೆ ಬಾರಿಸಿದಾಗಲೆಲ್ಲ ಅವಳು ಬಾಗಿಲಿಗೆ ಹಾರಲು ನೋಡುತ್ತಿದ್ದರಿಂದ ಗಂಟೆಯ ತಂತಿಯನ್ನೇ ಕಳಚಿ, ಬಂದವರು ಮೊದಲು ಫೋನ್ ಮಾಡಬೇಕೆಂದು ಗೇಟಿಗೆ ಚೀಟಿ ಅಂಟಿಸಿದೆ. ಆರನೆಯ ವಾರಕ್ಕೆ ದೀಪಾವಳಿ ಬಂತು. ವೈದ್ಯರು ಬರೆದುಕೊಟ್ಟಿದ್ದ ಶಮನದ ಮಾತ್ರೆಯನ್ನು ಕತ್ತಲಾಗುವ ಮೊದಲೇ ಕೊಟ್ಟು, ಒಳಕೋಣೆಯ ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನು ಮತ್ತು ರೇಡಿಯೊ ಜೋರಾಗಿ ಹಾಕಿ, ಮೂರು ರಾತ್ರಿ ನಾನು ಅವಳ ಕೊರಳಪಟ್ಟಿ ಹಿಡಿದು ಕುಳಿತೆ. ಹಬ್ಬದ ಊಟವನ್ನು ಅಮ್ಮ ಅಲ್ಲಿಗೇ ತಂದುಕೊಟ್ಟರು.

ನಡಿಗೆಯನ್ನು ಐದು ನಿಮಿಷದಿಂದ ಆರಂಭಿಸಿ ವಾರಕ್ಕೆ ಐದರಂತೆ ಹೆಚ್ಚಿಸಬೇಕಿತ್ತು. ಇಲ್ಲಿ ನಾನು ಕಲಿತ ಮುಖ್ಯ ಸಂಗತಿಯೆಂದರೆ ನಿಧಾನ. ಬೇಗ ನಡೆಸಿದರೆ ನಾಯಿ ನೋವಿನ ಕಾಲನ್ನು ಎತ್ತಿಕೊಂಡು ಮೂರರಲ್ಲೇ ಕುಪ್ಪಳಿಸಿ ಮುಗಿಸುತ್ತದೆ. ಕಾಲೆಳೆದುಕೊಂಡು ಹೋಗುವಷ್ಟು ಮೆಲ್ಲಗೆ ನಡೆಸಿದರೆ ನಾಲ್ಕನೆಯ ಕಾಲನ್ನು ಊರದೆ ಅದಕ್ಕೆ ಬೇರೆ ದಾರಿ ಇರುವುದಿಲ್ಲ. ಮೊದಲು ಬೆರಳತುದಿ, ಆಮೇಲೆ ಅರ್ಧ ಪಾದ, ಒಂದು ದಿನ ಹಿತ್ತಲಿನ ಒದ್ದೆ ಮಣ್ಣಿನಲ್ಲಿ ಎಡ ಹೆಜ್ಜೆಯ ಗುರುತು ಬಲ ಹೆಜ್ಜೆಯಷ್ಟೇ ಆಳವಾಗಿ ಮೂಡಿದ್ದನ್ನು ನಾನು ಬಗ್ಗಿ ನೋಡಿದೆ. ಹೊಲಿಗೆಯ ಟೇಪಿನಿಂದ ವಾರಕ್ಕೊಮ್ಮೆ ಎರಡೂ ತೊಡೆಗಳನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಆರಂಭದಲ್ಲಿ ಎಡದ್ದು ನಾಲ್ಕು ಸೆಂಟಿಮೀಟರ್ ಕಡಿಮೆಯಿತ್ತು, ಡಿಸೆಂಬರ್ ನಡುವಿನ ಹೊತ್ತಿಗೆ ಅದು ಒಂದೂವರೆಗೆ ಇಳಿಯಿತು. ಎಂಟನೆಯ ವಾರದ ಎಕ್ಸ್-ರೇಯಲ್ಲಿ ಕೊಯ್ದ ಗೆರೆ ಮಸುಕಾಗಿ, ಹೊಸ ಮೂಳೆ ತುಂಬಿಕೊಂಡಿತ್ತು. ತೂಕ 31ಕ್ಕೆ ಬಂದಿತ್ತು. ಚಪಾತಿಯ ಜಾಗದಲ್ಲಿ ಸೌತೆಕಾಯಿ ಬಂದದ್ದನ್ನು ಬೆಲ್ಲ ಒಂದೇ ದಿನದಲ್ಲಿ ಒಪ್ಪಿಕೊಂಡಳು, ಅಪ್ಪ ಒಪ್ಪಿಕೊಳ್ಳಲು ಒಂದು ತಿಂಗಳು ಹಿಡಿಯಿತು.

ಒಂದು ಮಂಡಿ ಹೀಗಾದ ನಾಯಿಗಳಲ್ಲಿ ಇನ್ನೊಂದು ಮಂಡಿಗೂ ಒಂದೆರಡು ವರ್ಷಗಳಲ್ಲಿ ಇದೇ ಗತಿ ಬರುವುದು ಅಪರೂಪವೇನಲ್ಲ. ಆದ್ದರಿಂದ ದಿನವೂ ಬೆಳಿಗ್ಗೆ ಅವಳು ಹೇಗೆ ಕೂರುತ್ತಾಳೆಂದು ನೋಡುವುದು ನನಗೆ ರೂಢಿಯಾಗಿದೆ. ಅವಳು ನೆಗೆಯಬಾರದೆಂಬ ಕಾರಣಕ್ಕೆ, ಏನು ಮಾಡಿದರೂ ಅವಳು ಬಿಡದ ನಡುಮನೆಯ ದಿವಾನವನ್ನು ಬಡಗಿಗೆ ಕೊಟ್ಟು ನಾಲ್ಕು ಕಾಲುಗಳನ್ನೂ ಕತ್ತರಿಸಿ ಗೇಣುದ್ದ ಮಾಡಿಸಿದೆವು. ಈಗ ಬೆಲ್ಲ ಅದನ್ನು ಸಲೀಸಾಗಿ ಹತ್ತಿ ಇಳಿಯುತ್ತಾಳೆ. ಅಪ್ಪನಿಗೆ ಮಾತ್ರ ಅಷ್ಟು ತಗ್ಗಿನಿಂದ ಏಳಲು ಮಂಡಿ ಬಿಡುವುದಿಲ್ಲವಾದ್ದರಿಂದ, ಅವರಿಗೆ ಎತ್ತರದ ಕುರ್ಚಿಯೊಂದನ್ನು ತಂದು ದಿವಾನದ ಪಕ್ಕಕ್ಕೆ ಹಾಕಿದ್ದೇವೆ.