ಬೀಡಿನ ಹೆಡ್ಡಿಗೆ ಬಿದ್ದ ಬಿರುಕು

ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಮರಳುವಾಗ ನಮ್ಮ ತಂದೆಯವರ ಕಾಲದ ಅಂಬಾಸಿಡರ್ ಕಾರು ಭರಮಸಾಗರದ ಹತ್ತಿರ ಕುದಿದು ನಿಂತಿತು. ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಸೀಳಿ ನೀರೆಲ್ಲ ಸೋರಿಹೋಗಿತ್ತು. ಪೈಪಿಗೆ ಟೇಪು ಸುತ್ತಿ, ಎಂಜಿನ್ ಇನ್ನೂ ಸುಡುತ್ತಿರುವಾಗಲೇ ಪಕ್ಕದ ಹೊಲದ ಬೋರ್‌ವೆಲ್ಲಿನಿಂದ ಎರಡು ಕೊಡ ತಣ್ಣೀರು ತಂದು ಸುರಿದೆ. ನಮ್ಮೂರಿನ ಬೆಣ್ಣೆದೋಸೆ ಹೋಟೆಲುಗಳಲ್ಲಿ ಭಟ್ಟರು ಕಾದ ಬೀಡಿನ (ಎರಕದ ಕಬ್ಬಿಣದ) ಕಾವಲಿಗೆ ನೀರನ್ನು ಚಿಮುಕಿಸುತ್ತಾರೆಯೇ ಹೊರತು ಕೊಡದಿಂದ ಸುರಿಯುವುದಿಲ್ಲ. ದಿನವೂ ಕಣ್ಣೆದುರು ಇರುವ ಆ ತಿಳಿವಳಿಕೆ ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ಮರುದಿನ ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರಿನ ನೀರಿನಲ್ಲಿ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದವು, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು, ಡಿಪ್‌ಸ್ಟಿಕ್ಕಿನ ಮೇಲೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಬೀಡಿನ ಹೆಡ್ಡಿಗೆ ಬಿರುಕು ಬಿದ್ದರೂ, ಅದರಡಿಯ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಸುಟ್ಟರೂ ಇವೇ ಲಕ್ಷಣಗಳು ಕಾಣುವುದರಿಂದ ಹೆಡ್ ಬಿಚ್ಚದೆ ತೀರ್ಮಾನಕ್ಕೆ ಬರುವಂತಿರಲಿಲ್ಲ. ಬಿಚ್ಚಿ ನೋಡಿದರೆ, ಮೂರನೇ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ (ವಾಲ್ವುಗಳು ಮುಚ್ಚಿ ಕೂರುವ ಅಂಚುಗಳ) ನಡುವಿನ ಕಿರಿದಾದ ಸೇತುವೆಯಲ್ಲಿ ಕೂದಲೆಳೆಯಂತಹ ಬಿರುಕು ಇತ್ತು. 1489 ಸಿಸಿಯ ಈ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಎಂಜಿನ್ನಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವುಗಳು ಅಕ್ಕಪಕ್ಕದಲ್ಲಿದ್ದು, ಅವೆರಡರ ಹೊಗೆಯೂ ಒಂದೇ ದಾರಿಯಿಂದ ಹೊರಹೋಗುತ್ತದೆ. ಹೀಗಾಗಿ ಹೆಡ್ಡಿನ ನಟ್ಟನಡುವೆ ಶಾಖ ಹೆಚ್ಚು. ಆ ಜಾಗದ ವಾಟರ್ ಜಾಕೆಟ್ಟಿನೊಳಗೆ, ಅಂದರೆ ನೀರು ಹರಿಯುವ ಪೊಳ್ಳಿನೊಳಗೆ, ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರ ಫಲವಾಗಿ ರೊಟ್ಟಿಯ ದಪ್ಪದಷ್ಟು ಸುಣ್ಣ ಕಟ್ಟಿತ್ತು. ಸುಣ್ಣವು ಶಾಖವನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಅಂದಿನ ತಣ್ಣೀರು ನೆಪವಾಯಿತಾದರೂ, ಹೆಡ್ಡು ಬಹಳ ಹಿಂದಿನಿಂದಲೇ ಬಳಲುತ್ತಿತ್ತೆಂಬುದು ನನ್ನ ನಂಬಿಕೆ.

ಆ ಹೆಡ್ಡನ್ನು ನಾನು ಉಳಿಸಿಕೊಳ್ಳಲಾಗಲಿಲ್ಲ. ಅದನ್ನು ಒಯ್ದ ವರ್ಕ್‌ಶಾಪಿನಲ್ಲಿ ಮುಂಗಾವು ಕೊಡದೆ, ಅಂದರೆ ಹೆಡ್ಡನ್ನು ಮೊದಲೇ ಕಾಯಿಸದೆ, ಸಾಮಾನ್ಯ ಉಕ್ಕಿನ ರಾಡಿನಿಂದ ಅರ್ಧ ಗಂಟೆಯಲ್ಲಿ ವೆಲ್ಡಿಂಗ್ ಮಾಡಿ ಕೊಟ್ಟರು. ಮನೆಗೆ ತಂದು ಬೆಳಕಿಗೆ ಹಿಡಿದಾಗ ಹಳೆಯ ಬಿರುಕು ಮುಚ್ಚಿತ್ತು, ಆದರೆ ಬೆಸುಗೆಯ ಅಂಚಿನಲ್ಲೇ ಹೊಸ ಬಿರುಕು ಓಡಿತ್ತು. ಅದರ ಮೇಲೆ ಅರ ಆಡಿಸಿದರೆ ಗಾಜಿನ ಮೇಲೆ ಆಡಿಸಿದಂತೆ ಜಾರುತ್ತಿತ್ತು. ಬೀಡಿನಲ್ಲಿ ಶೇಕಡ 2.5ರಿಂದ 4ರವರೆಗೆ ಇಂಗಾಲವಿದ್ದು, ಅದರಲ್ಲಿ ಬಹುಪಾಲು ಗ್ರಾಫೈಟಿನ ಸಣ್ಣ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಈ ಲೋಹ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳುವುದಿಲ್ಲ. ಒಂದೇ ಕಡೆ ಕಾಯಿಸಿ ಬೇಗ ತಣಿಯಲು ಬಿಟ್ಟರೆ, ಕಾದ ಭಾಗ ಕುಗ್ಗುವಾಗ ಸುತ್ತಲಿನ ತಣ್ಣನೆಯ ಲೋಹ ಅದನ್ನು ಬಿಗಿಹಿಡಿಯುತ್ತದೆ. ಬೆಸುಗೆಯ ಅಂಚಿನಲ್ಲಿ ಇಂಗಾಲವು ಗ್ರಾಫೈಟಾಗಿ ಬೇರ್ಪಡಲು ಸಮಯ ಸಿಗದೆ ಕಬ್ಬಿಣದೊಂದಿಗೇ ಸೇರಿ ಗಡುಸಾದ ಬಿಳಿ ಬೀಡಾಗುತ್ತದೆ. ಸರಿಯಾದ ಬಿಸಿ ವೆಲ್ಡಿಂಗಿನಲ್ಲಿ ಇಡೀ ಹೆಡ್ಡನ್ನು ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ, ಗ್ಯಾಸಿನಿಂದ ಬೀಡಿನ ರಾಡನ್ನೇ ಕರಗಿಸಿ ತುಂಬಿ, ಬೂದಿಯಲ್ಲಿಯೋ ಮರಳಿನಲ್ಲಿಯೋ ಹೂತು, ಒಂದು ಹಗಲು ಒಂದು ರಾತ್ರಿ ತಾನಾಗಿ ತಣಿಯಲು ಬಿಡಬೇಕಾಗುತ್ತದೆ. ನಿಕ್ಕಲ್ ರಾಡಿನಿಂದ ಒಂದೊಂದು ಅಂಗುಲವಷ್ಟೇ ಬೆಸೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೈಗೆ ತಾಳುವಷ್ಟು ಆರಿದ ಮೇಲೆ ಮುಂದುವರಿಯುವ ಕ್ರಮವೂ ಇದೆ. ಅದು ಹೊರಗಿನ ಗೋಡೆಗಳಿಗೆ ಒಪ್ಪುತ್ತದೆ. ಸೀಟುಗಳ ನಡುವಿನ ಜಾಗಕ್ಕೆ ಅದನ್ನು ನಾನು ಒಪ್ಪುವುದಿಲ್ಲ.

ಗುಜರಿಯಲ್ಲಿ ಇನ್ನೊಂದು ಹೆಡ್ ಸಿಕ್ಕಿತು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ ಶುಚಿಗೊಳಿಸಿ, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಸಿಂಪಡಿಸಿ ಒರೆಸಿ, ಅದನ್ನು ಮೇಲಕ್ಕೆಳೆದು ತೋರಿಸುವ ಬಿಳಿ ಡೆವಲಪರ್ ಹಾಕಿದಾಗ, ಬರಿಗಣ್ಣಿಗೆ ನಿರ್ದೋಷವಾಗಿ ಕಂಡಿದ್ದ ಹೆಡ್ಡಿನ ಮೇಲೆ 32 ಮಿಲಿಮೀಟರ್ ಉದ್ದದ ಕೆಂಪು ಗೆರೆ ನಿಧಾನವಾಗಿ ಮೂಡಿಬಂತು. ಹಿರಿಯ ಮೇಸ್ತ್ರಿಯೊಬ್ಬರು ಬಿರುಕಿನುದ್ದಕ್ಕೂ ತಿರುಪಿನ ಪಿನ್ನುಗಳನ್ನು ಕೂರಿಸಿ ಅದನ್ನು ಹೊಲಿಯಬಹುದೆಂದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇಥಿನಲ್ಲಿ ಅವರೇ ಪಿನ್ನುಗಳನ್ನು ತಿರುವಿದರು. ಬಿರುಕಿನ ತುದಿಯಿಂದ ತುಸು ಆಚೆಗೆ 5 ಮಿಲಿಮೀಟರ್ ರಂಧ್ರ ಕೊರೆದು, ಒಳಗೆ ತಿರುಪಿನ ಗೆರೆ ಕಡೆಯುವ 6 ಮಿಲಿಮೀಟರಿನ ಟ್ಯಾಪ್ ಹಾಕಿ, ಸೀಲೆಂಟ್ ಹಚ್ಚಿದ ಪಿನ್ನನ್ನು ಬಿಗಿದು ಕತ್ತರಿಸಿದರು. ಮುಂದಿನ ರಂಧ್ರವನ್ನು ಹಿಂದಿನ ಪಿನ್ನಿನ ಅಂಚು ಕೊಯ್ಯುವಂತೆ ಕೊರೆದರು. ಹೀಗೆ ಒಂದು ಮತ್ತೊಂದನ್ನು ಕಚ್ಚಿಕೊಂಡು ಒಂಬತ್ತು ಪಿನ್ನುಗಳು ಸಾಲುಗಟ್ಟಿದ ಮೇಲೆ, ಬಿರುಕಿದ್ದಲ್ಲಿ ಬಿರುಕೇ ಉಳಿಯಲಿಲ್ಲ. ಪ್ರತಿ ಅರ್ಧ ಸುತ್ತಿಗೊಮ್ಮೆ ಅವರು ಟ್ಯಾಪನ್ನು ಹಿಂದಕ್ಕೆ ತಿರುಗಿಸಿ, ಕರಿಯ ಪುಡಿಯನ್ನು ಊದಿ, ಮತ್ತೆ ಮುಂದುವರಿಸುತ್ತಿದ್ದರು. ಇಡೀ ಕೆಲಸದಲ್ಲಿ ಹೆಡ್ಡು ಒಮ್ಮೆಯೂ ಬಿಸಿಯಾಗಲಿಲ್ಲ ಎಂಬುದೇ ಈ ವಿಧಾನದ ಹಿರಿಮೆ.

ಹೊಲಿಗೆ ಎಕ್ಸಾಸ್ಟ್ ಸೀಟಿನ ಅಂಚನ್ನು ದಾಟಿದ್ದರಿಂದ ಅಲ್ಲಿ ಗುಳಿ ಕಡೆದು ಗಡುಸಾದ ಹೊಸ ಸೀಟನ್ನು ಸುಮಾರು 0.1 ಮಿಲಿಮೀಟರ್ ಬಿಗಿಯಲ್ಲಿ ಕೂರಿಸಲಾಯಿತು. ಇದು ಬೇರೆ ಕಾರಣಕ್ಕೂ ಬೇಕಾಗಿತ್ತು. 2000ನೇ ಇಸವಿಯಲ್ಲಿ ಸೀಸವಿದ್ದ ಪೆಟ್ರೋಲ್ ದೇಶದಾದ್ಯಂತ ನಿಂತ ಮೇಲೆ, ಸೀಸದ ರಕ್ಷಣೆಯಿಲ್ಲದೆ ಬೀಡಿನಲ್ಲೇ ಕಡೆದ ಸೀಟುಗಳು ಸವೆದು ವಾಲ್ವುಗಳು ಒಳಕ್ಕೆ ಇಳಿಯುವುದು ಈ ಎಂಜಿನ್ನುಗಳ ಸಾಮಾನ್ಯ ಕಾಯಿಲೆಯಾಗಿದೆ. ಗುಳಿಯನ್ನು ಅತಿಯಾಗಿ ಕಡೆದರೆ ವಾಟರ್ ಜಾಕೆಟ್ಟಿಗೇ ತೂತು ಬೀಳುತ್ತದೆ.

ಕೊನೆಯಲ್ಲಿ ನೀರಿನ ದಾರಿಗಳಿಗೆಲ್ಲ ರಬ್ಬರಿಟ್ಟು ಪ್ಲೇಟು ಬಿಗಿದು, ಒಳಗೆ ಗಾಳಿ ತುಂಬಿ, ಹೆಡ್ಡನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ಬಾಯಿಬಿಡುವುದರಿಂದ ಬಿಸಿನೀರೇ ಆಗಬೇಕು. ಐದು ನಿಮಿಷ ನಾವಿಬ್ಬರೂ ಮಾತಾಡದೆ ನೀರನ್ನೇ ನೋಡುತ್ತಾ ನಿಂತೆವು. ನಾಲ್ಕನೇ ಪಿನ್ನಿನ ಬಳಿ ಒಂದೇ ಒಂದು ಗುಳ್ಳೆ ಬಿಟ್ಟುಬಿಟ್ಟು ಏಳುತ್ತಿತ್ತು. ಮೇಸ್ತ್ರಿಯವರು ಹೆಡ್ಡನ್ನು ಮೇಲೆತ್ತಿ, ಆ ಪಿನ್ನನ್ನು ಕೊರೆದು ತೆಗೆದು, ಇನ್ನೊಂದನ್ನು ಹಾಕಿದರು. ಎರಡನೇ ಸಲ ನೀರು ಅಲುಗಲಿಲ್ಲ.

ಮೇಲ್ಮೈಯನ್ನು ಮಟ್ಟಮಾಡಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು, ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ತುಂಬಿದ್ದೇನೆ. ಈಗಾಗಲೇ 400 ಕಿಲೋಮೀಟರ್ ಓಡಿದೆ. 500 ಆದ ಮೇಲೆ ನಟ್ಟುಗಳ ಬಿಗಿಯನ್ನೂ ವಾಲ್ವುಗಳ ಸಂದನ್ನೂ ಇನ್ನೊಮ್ಮೆ ನೋಡಬೇಕು.